ಹಾಜರಿ ಬೇರೆ, ಬೆಳೆ ಬೇರೆ

ಪ್ರಶ್ನೆ: ಮೂಡಿಗೆರೆ ತಾಲ್ಲೂಕಿನ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದೇನೆ. ಆರು ತಿಂಗಳ ಹಿಂದೆ ಆನ್‌ಲೈನಿನಲ್ಲಿ ಕನ್ನಡ ಬರೆಯುವವರ ಒಂದು ಬಳಗ ಸೇರಿದೆ. ದಿನಕ್ಕೊಂದು ಬರಹ ಹಾಕಬೇಕು, ಐದು ಜನರ ಬರಹಕ್ಕೆ ಪ್ರತಿಕ್ರಿಯೆ ಕೊಡಬೇಕು ಅನ್ನುವುದು ಅಲ್ಲಿನ ರೂಢಿ. ಮೊದಲ ಎರಡು ತಿಂಗಳು ಹುರುಪಿನಿಂದ ಮಾಡಿದೆ. ಈಗ ರಾತ್ರಿ ಊಟವಾದ ಮೇಲೆ ಸಿಗುವ ನಲವತ್ತು ನಿಮಿಷ ಫೋನ್ ಹಿಡಿದು ಕೂತರೆ ಬರೆಯಲೂ ಆಗುವುದಿಲ್ಲ, ಓದಲೂ ಆಗುವುದಿಲ್ಲ, ತೂಕಡಿಕೆ ಬರುತ್ತದೆ. ಮೂರು ದಿನ ತಪ್ಪಿದರೆ ನಾಚಿಕೆಯಾಗಿ ವಾರಗಟ್ಟಲೆ ಆ ಕಡೆ ತಲೆ ಹಾಕುವುದಿಲ್ಲ. ಇನ್ನು ಕೊಯ್ಲು ಶುರುವಾದರೆ ಆ ನಲವತ್ತು ನಿಮಿಷವೂ ಇಲ್ಲ. ದಿನಾ ಇರುವುದು ಹೇಗೆ? ಅಥವಾ ಬಿಟ್ಟುಬಿಡಲೇ?

ಉತ್ತರ: ಬಿಡಬೇಡಿ. ಆದರೆ ಈಗಿನ ಹಾಗೆ ಮುಂದುವರಿಸಲೂ ಬೇಡಿ.

ಹಾಸನದ ಪೇಟೆಯಲ್ಲಿ ಯಾರಾದರೂ ‘ನಾನು ರೈಟರ್’ ಅಂದರೆ ಕಥೆ ಕವನ ಬರೆಯುವವರು ಅಂದುಕೊಳ್ಳುತ್ತೇವೆ, ಇಲ್ಲವೇ ಪೊಲೀಸ್ ಠಾಣೆಯವರು. ಸಕಲೇಶಪುರ, ಮೂಡಿಗೆರೆ ಕಡೆ ಹೋದರೆ ಆ ಮಾತಿಗೆ ಅರ್ಥವೇ ಬೇರೆ. ಬೆಳಿಗ್ಗೆ ಆಳುಗಳ ಹಾಜರಿ ಹಾಕಿ, ಕೆಲಸ ಹಂಚಿ, ಸಂಜೆ ಹಣ್ಣು ತೂಗಿಸಿ ಲೆಕ್ಕ ಬರೆಯುವವರು ಅಲ್ಲಿ ರೈಟರು. ನೀವು ಎರಡೂ ಬಗೆಯವರು. ಕಥೆ ಬರೆಯುವ ರೈಟರು ತಬ್ಬಿಬ್ಬಾಗಿರುವ ವಿಷಯ ತೋಟದ ರೈಟರಿಗೆ ಚೆನ್ನಾಗಿಯೇ ಗೊತ್ತಿದೆ ಅನ್ನುವುದು ನನ್ನ ಗುಮಾನಿ.

ನಿಮ್ಮ ಹಾಜರಿ ಪುಸ್ತಕ ನೆನಪಿಸಿಕೊಳ್ಳಿ. ಆಳು ಬಂದರೋ ಇಲ್ಲವೋ ಅನ್ನುವುದು ಒಂದು ಕಡೆ, ಎಷ್ಟು ಕೆಜಿ ಹಣ್ಣು ಕೊಯ್ದರು ಅನ್ನುವುದು ಇನ್ನೊಂದು ಕಡೆ. ಮರಗಸಿ (ನೆರಳಿನ ಮರಗಳ ಕೊಂಬೆ ಸವರುವ ಕೆಲಸ) ನಡೆಯುವ ದಿನ ತೋಟದಿಂದ ಒಂದು ಕೆಜಿ ಹಣ್ಣೂ ಬರುವುದಿಲ್ಲ. ಹಾಗೆಂದು ಆ ದಿನ ಎಲ್ಲರಿಗೂ ಗೈರು ಹಾಕುತ್ತೀರಾ? ಬಳಗದಲ್ಲಿ ನೀವು ಮಾಡಿಕೊಂಡಿರುವ ಎಡವಟ್ಟು ಅದೇ. ದಿನಾ ಇರುವುದು ಅಂದರೆ ದಿನಾ ಬರಹ ಹಾಕುವುದು ಅಂದುಕೊಂಡಿದ್ದೀರಿ. ಇರುವುದು ಹಾಜರಿ, ಬರಹ ಬೆಳೆ. ಹಾಜರಿ ದಿನಾ ಬೇಕು, ಅದಕ್ಕೆ ಹತ್ತು ನಿಮಿಷ ಸಾಕು. ಬೆಳೆ ಅದರ ಕಾಲಕ್ಕೆ ಬರುತ್ತದೆ.

ದಿನಕ್ಕೊಂದು ಬರೆಯಲೇಬೇಕು ಎಂದು ಹೇಳುವವರು ಸಾಮಾನ್ಯವಾಗಿ ಇಂಗ್ಲಿಷ್ ಕಾದಂಬರಿಕಾರ ಆಂಟನಿ ಟ್ರೊಲೋಪ್‌ನ ಕಥೆ ತರುತ್ತಾರೆ. ಅಂಚೆ ಇಲಾಖೆಯ ನೌಕರ. ಬೆಳಗಿನ ಜಾವ ಐದೂವರೆಗೆ ಮೇಜಿನ ಮುಂದೆ ಕೂತು, ಗಡಿಯಾರ ಎದುರಿಗಿಟ್ಟುಕೊಂಡು, ಕಾಲು ಗಂಟೆಗೆ 250 ಪದದ ಲೆಕ್ಕದಲ್ಲಿ ಬರೆದು ಆಮೇಲೆ ಕೆಲಸಕ್ಕೆ ಹೋಗುತ್ತಿದ್ದ. ನಿಜವೇ. ಆದರೆ ಆ ಕಥೆಯ ಉಳಿದರ್ಧವನ್ನು ಯಾರೂ ಹೇಳುವುದಿಲ್ಲ. ಅವನನ್ನು ಎಬ್ಬಿಸಿ ಕಾಫಿ ತಂದುಕೊಡಲು ಕುದುರೆ ನೋಡಿಕೊಳ್ಳುವ ಒಬ್ಬ ಮುದಿ ಆಳು ಇದ್ದ, ಆ ಒಂದು ಕೆಲಸಕ್ಕೇ ವರ್ಷಕ್ಕೆ 5 ಪೌಂಡ್ ಹೆಚ್ಚಿಗೆ ಪಡೆಯುತ್ತಿದ್ದ. ಒಂದು ದಿನವೂ ಅವನು ತಡ ಮಾಡಲಿಲ್ಲವೆಂದು ಟ್ರೊಲೋಪನೇ ಬರೆದುಕೊಂಡಿದ್ದಾನೆ. ಕಾಫಿ ಬೆಳೆಸುವ ನಮ್ಮ ಸೀಮೆಯಲ್ಲಿ ಆ ಹೊತ್ತಿಗೆ ರೈಟರಿಗೆ ಕಾಫಿ ಕೊಟ್ಟು ಎಬ್ಬಿಸುವವರು ಯಾರಿದ್ದಾರೆ?

ಅದಕ್ಕಿಂತ ಹತ್ತಿರದ ಉದಾಹರಣೆ ನೋಡಿ. ನಮ್ಮ ಹಾಸನದ ಬಾನು ಮುಷ್ತಾಕ್ ಅವರಿಗೆ 2025ರ ಮೇ ತಿಂಗಳಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂತು. ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ ಸಂಕಲನದಲ್ಲಿರುವುದು 12 ಕಥೆ. 1990ರಿಂದ 2023ರವರೆಗೆ ಬರೆದವುಗಳಿಂದ ಆಯ್ದವು. ಬಾನು ಅವರು ವಕೀಲಿಕೆ ಮಾಡಿದವರು, ವರದಿಗಾರಿಕೆ ಮಾಡಿದವರು, ಚಳವಳಿಗಳಲ್ಲಿ ಓಡಾಡಿದವರು. ಇಷ್ಟರ ನಡುವೆ ಮೂರು ದಶಕ ಅವರು ಬರವಣಿಗೆಯ ಹತ್ತಿರವೇ ಇದ್ದರು. ದಿನಕ್ಕೊಂದರ ಲೆಕ್ಕ ಇಟ್ಟಿದ್ದರೆ ಆ ಹನ್ನೆರಡು ಈ ಹನ್ನೆರಡಾಗಿ ಇರುತ್ತಿರಲಿಲ್ಲ.

ಈಗ ನಿಮ್ಮ ನಲವತ್ತು ನಿಮಿಷಕ್ಕೆ ಬರೋಣ. ಐದು ಜನರ ಬರಹ ಓದಿ ತಲಾ ಎರಡು ಸಾಲು ಬರೆಯಲು, ಒಂದೊಂದಕ್ಕೆ ಐದೇ ನಿಮಿಷ ಅಂದರೂ ಇಪ್ಪತ್ತೈದು ನಿಮಿಷ ಹೋಯಿತು. ಉಳಿದ ಹದಿನೈದರಲ್ಲಿ ನಿಮ್ಮದೊಂದು ಬರಹ ಹುಟ್ಟಬೇಕು, ಅದೂ ಬೆಳಿಗ್ಗೆ ಏಳರಿಂದ ತೋಟ ಸುತ್ತಿದ ಕಾಲು, ಊಟವಾದ ಹೊಟ್ಟೆ. ಇದು ಸೋಮಾರಿತನದ ಮಾತಲ್ಲ, ಲೆಕ್ಕವೇ ಕೂಡುವುದಿಲ್ಲ. ಜೊತೆಗೆ ಮೂರು ಬೇರೆ ಬೇರೆ ಕೆಲಸವನ್ನು ಒಂದೇ ಬುಟ್ಟಿಗೆ ಹಾಕಿದ್ದೀರಿ: ಓದುವುದು, ಉತ್ತರಿಸುವುದು, ಬರೆಯುವುದು. ಸೋಫಿ ಲೆರಾಯ್ ಅನ್ನುವ ಸಂಶೋಧಕಿ 2009ರಲ್ಲಿ ತೋರಿಸಿದ್ದು ಏನೆಂದರೆ, ಒಂದು ಕೆಲಸ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೊರಳಿದಾಗ ಗಮನದ ಒಂದು ಪಾಲು ಹಿಂದಿನದರಲ್ಲೇ ಅಂಟಿಕೊಂಡಿರುತ್ತದೆ. ಪಾತ್ರೆಯ ತಳ ಹಿಡಿದ ಅನ್ನದ ಹಾಗೆ. ಇನ್ನೊಬ್ಬರ ಮನೆಜಗಳದ ಕಥೆ ಓದಿ, ಅದಕ್ಕೆ ಉತ್ತರ ಬರೆದು, ತಕ್ಷಣ ನಿಮ್ಮದೊಂದು ಬರೆಯಲು ಹೋದರೆ ಹಳೆಯ ಅನ್ನದ ವಾಸನೆ ಹೊಸ ಅಡುಗೆಗೂ ಬರುತ್ತದೆ. ಹಾಗಾಗಿ ಮೂರನ್ನೂ ಬಿಡಿಸಿ, ಬೇರೆ ಬೇರೆ ಹೊತ್ತಿಗೆ ಇಡಿ.

ಬರೆಯುವುದರಿಂದ ಶುರು ಮಾಡುತ್ತೇನೆ, ಏಕೆಂದರೆ ಅದರ ಬಗ್ಗೆ ನಿಮ್ಮಲ್ಲಿ ಸಿದ್ಧ ಸಾಧನವೇ ಇದೆ: ತೋಟದ ಮಳೆಮಾಪಕ. ಬೆಳಿಗ್ಗೆ ಎಂಟೂವರೆಗೆ ನೀರು ಅಳೆದು ‘1 ಇಂಚು 40 ಸೆಂಟು’ (ಸೆಂಟು ಅಂದರೆ ಇಂಚಿನ ನೂರನೇ ಒಂದು ಪಾಲು) ಎಂದು ಪುಸ್ತಕಕ್ಕೆ ಹಾಕುತ್ತೀರಲ್ಲ, ಆ ಲೆಕ್ಕ ಮಲೆನಾಡಿನ ಎಷ್ಟೋ ತೋಟಗಳಲ್ಲಿ ಅಜ್ಜನ ಕಾಲದಿಂದ ತಪ್ಪದೆ ನಡೆದಿದೆ. ಯಾಕೆ ತಪ್ಪುವುದಿಲ್ಲ ಯೋಚಿಸಿದ್ದೀರಾ? ಹೊತ್ತು ಗೊತ್ತಿದೆ, ಜಾಗ ಗೊತ್ತಿದೆ, ಬರೆಯಬೇಕಾದ್ದು ಒಂದೇ ಸಾಲು, ಮಳೆ ಇಲ್ಲದ ದಿನ ಸೊನ್ನೆ ಹಾಕಲು ಯಾರಿಗೂ ಅವಮಾನವಿಲ್ಲ. ಈ ನಾಲ್ಕೂ ನಿಮ್ಮ ಬರವಣಿಗೆಗೆ ಇಲ್ಲ.

ಒಂದು ಸಣ್ಣ ಜೇಬುಪುಸ್ತಕ ಇಟ್ಟುಕೊಳ್ಳಿ (ತೋಟದ ಪುಸ್ತಕದಲ್ಲಿ ಬೇಡ, ಅದು ಸಾಹುಕಾರರದ್ದು). ಮಳೆ ಅಳೆದು ಬರೆದ ತಕ್ಷಣ, ಅಲ್ಲೇ ನಿಂತು, ನಿಮ್ಮ ಪುಸ್ತಕಕ್ಕೆ ಒಂದು ಸಾಲು. ನಿನ್ನೆಯಿಂದ ಈ ಹೊತ್ತಿನವರೆಗೆ ಕಂಡದ್ದು, ಕೇಳಿದ್ದು ಯಾವುದಾದರೂ. ‘ಸಿಲ್ವರ್ ಮರದ ತುದಿಯಲ್ಲಿ ಕೂತ ಮಂಗಟ್ಟೆ ಹಣ್ಣು ಸುಲಿಯುವ ಪಲ್ಪರ್ ಸದ್ದಿಗೂ ಏಳಲಿಲ್ಲ’ ಅಂತಲೋ, ‘ಆಳುಗಳ ಲೈನ್ ಮನೆಯ ಮಗು ಇವತ್ತು ಮೊದಲ ಸಲ ಕನ್ನಡದಲ್ಲಿ ಬೈದಿತು’ ಅಂತಲೋ. ಚೆಂದ ಮಾಡಲು ಹೋಗಬೇಡಿ. ಏನೂ ಹೊಳೆಯದಿದ್ದರೆ ಸೊನ್ನೆ ಹಾಕಿ, ಕೆಳಗೆ ತಾರೀಖು ಹಾಕಿ. ಎರಡು ನಿಮಿಷದ ಕೆಲಸ.

ಹೊಸ ಅಭ್ಯಾಸವನ್ನು ಹೀಗೆ ಹಳೆಯದಕ್ಕೆ ಗಂಟು ಹಾಕುವುದು ನನ್ನ ಸ್ವಂತ ಬುದ್ಧಿಯೇನಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರಿಗೆ ‘ಬೆಳಗಿನ ತಿಂಡಿ ಆದ ಮೇಲೆ’ ಎಂಬಂಥ ಒಂದು ನಿತ್ಯದ ಹೊತ್ತಿಗೆ ಹೊಸದೊಂದು ರೂಢಿ ಜೋಡಿಸಿಕೊಳ್ಳಲು ಹೇಳಿ, ಅದು ತಾನಾಗಿ ನಡೆಯಲು ಎಷ್ಟು ದಿನ ಬೇಕೆಂದು ನೋಡಿದರು. ಅಧ್ಯಯನ ಅಚ್ಚಾದದ್ದು 2010ರಲ್ಲಿ. ನಡುಮಟ್ಟದ ಅಂದಾಜು 66 ದಿನ ಬಂತು, ಆದರೆ ಒಬ್ಬೊಬ್ಬರಿಗೆ 18ರಿಂದ 254ರವರೆಗೆ. ನಿಮಗೆ ಬೇಕಾದ ಮಾತು ಅದರಲ್ಲಿ ಇನ್ನೊಂದಿದೆ. ನಡುವೆ ಒಂದು ದಿನ ತಪ್ಪಿದ್ದರಿಂದ ರೂಢಿ ಬೆಳೆಯುವುದಕ್ಕೆ ಹೇಳಿಕೊಳ್ಳುವಂಥ ಪೆಟ್ಟು ಬೀಳಲಿಲ್ಲ. ನಿಮ್ಮ ವಿಷಯದಲ್ಲಿ ಪೆಟ್ಟು ಕೊಟ್ಟಿದ್ದು ತಪ್ಪಿದ ಮೂರು ದಿನವಲ್ಲ, ಆಮೇಲಿನ ನಾಚಿಕೆ. ವಾರ ಬಿಟ್ಟು ಬಂದಾಗ ‘ಕ್ಷಮಿಸಿ, ಕೆಲಸದ ಒತ್ತಡ’ ಎಂಬ ಉದ್ದದ ಪೀಠಿಕೆ ಬೇಡ. ಯಾರೂ ನಿಮ್ಮ ಹಾಜರಿ ಹಾಕುತ್ತಾ ಕೂತಿಲ್ಲ. ನೆಟ್ಟಗೆ ಬಂದು ಒಬ್ಬರ ಬರಹ ಓದಿ ಒಂದು ಮಾತು ಹೇಳಿ, ಮುಗಿಯಿತು.

ವಾರದ ರಜೆಯ ದಿನ ಒಂದು ಗಂಟೆ ಕೂತು ಆ ಏಳು ಸಾಲು ಓದಿ. ಒಂದು ಸಾಲು ನಿಮ್ಮನ್ನು ಹಿಡಿದು ನಿಲ್ಲಿಸುತ್ತದೆ, ಅದನ್ನು ಬರಹ ಮಾಡಿ. ಯಾವ ಸಾಲೂ ನಿಲ್ಲಿಸದ ವಾರ ಏಳನ್ನೂ ಹಾಗೇ ಜೋಡಿಸಿ, ಮೇಲೆ ಮಳೆಯ ಅಂಕಿ ಹಾಕಿ, ‘ಈ ವಾರದ ಮಳೆ ಲೆಕ್ಕ’ ಎಂದು ಹೆಸರಿಟ್ಟು ಹಾಕಿಬಿಡಿ. ಹೀಗೆ ಒಂದು ಗೊತ್ತಾದ ಅಚ್ಚು ಇರುವುದು ಸಮಯ ಕಡಿಮೆ ಇರುವವರಿಗೆ ದೊಡ್ಡ ಆಸರೆ. ಬರೆಯಲು ಕೂತವರ ಸಮಯ ಹಾಳಾಗುವುದು ಬರೆಯುವುದರಲ್ಲಿ ಅಲ್ಲವೇ ಅಲ್ಲ, ಏನು ಬರೆಯಲಿ ಅನ್ನುವುದರಲ್ಲಿ. ಅಂಕಣಕಾರರು ವರ್ಷಗಟ್ಟಲೆ ಬರೆಯುವುದು ಅವರಿಗೆ ನಿಮಗಿಂತ ಹೆಚ್ಚು ವಿಷಯ ಸಿಗುತ್ತದೆಂದಲ್ಲ, ಅಚ್ಚು ಮೊದಲೇ ಸಿದ್ಧವಿರುತ್ತದೆ, ಹಿಟ್ಟು ಹುಯ್ದರೆ ಸಾಕು.

ಇನ್ನು ಓದುವುದು, ಉತ್ತರಿಸುವುದು. ನಿಮ್ಮ ಬಳಗ ನಿಂತಿರುವುದು ಇದರ ಮೇಲೆಯೇ, ಬರಹಗಳ ಮೇಲಲ್ಲ. ನಮ್ಮ ಹಳ್ಳಿಗಳಲ್ಲಿ ಮುಯ್ಯಾಳು ಅಂತ ಇತ್ತು, ಈಗಲೂ ಅಲ್ಲಲ್ಲಿ ಉಂಟು. ಇವತ್ತು ನಿಮ್ಮ ಗದ್ದೆ ನಾಟಿಗೆ ನಾನು ಬರುತ್ತೇನೆ, ನಾಳೆ ನನ್ನದಕ್ಕೆ ನೀವು ಬನ್ನಿ. ದುಡ್ಡಿನ ಮಾತಿಲ್ಲ. ಬರೆಯುವವರ ಬಳಗವೂ ಮುಯ್ಯಿಯಿಂದಲೇ ನಡೆಯುತ್ತದೆ. ಆದರೆ ಮುಯ್ಯಾಳಾಗಿ ಬಂದವರು ಗದ್ದೆಯ ಬದುವಿನ ಮೇಲೆ ನಿಂತು ‘ಸೂಪರ್’ ಎಂದು ಕೈಯೆತ್ತಿ ಹೊರಟುಹೋದರೆ ಅದು ಮುಯ್ಯಿ ಹೇಗಾದೀತು? ದಿನಕ್ಕೆ ಐದು ಜನಕ್ಕೆ ‘ಚೆನ್ನಾಗಿದೆ ಸರ್’, ‘ಮನ ಮುಟ್ಟಿತು ಮೇಡಂ’ ಬರೆಯುವುದು ಇಂಥದ್ದೇ. ನೀವು ಅವರ ಸಮಯವನ್ನೂ ನಿಮ್ಮ ಸಮಯವನ್ನೂ ಕಳೆದಿರಿ.

ಇಲ್ಲಿ ನನ್ನದೇ ಒಂದು ಅವಮಾನದ ಕಥೆ ಹೇಳಬೇಕು. ಕೆಲವು ವರ್ಷಗಳ ಹಿಂದೆ ನಾನೂ ನೂರು ದಿನದ ಪಣ ತೊಟ್ಟಿದ್ದೆ. ಹಾಸನದಿಂದ ಅರಸೀಕೆರೆಗೆ ಬಸ್ಸಿನಲ್ಲಿ ಓಡಾಟ. ಆ ಬಸ್ಸಿನಲ್ಲಿ ನಿಂತುಕೊಂಡೇ ದಿನದ ಐದು ಪ್ರತಿಕ್ರಿಯೆ ಮುಗಿಸುತ್ತಿದ್ದೆ, ಬರಹದ ಮೊದಲೆರಡು ಸಾಲು ಓದಿ. ಒಬ್ಬ ಹೆಣ್ಣುಮಗಳು ‘ಅಮ್ಮ ಕೊನೆಗೂ ಹೊಸ ಮನೆ ಸೇರಿದಳು’ ಎಂದು ಶುರು ಮಾಡಿದ್ದರು. ನಾನು ‘ಅಭಿನಂದನೆಗಳು, ಗೃಹಪ್ರವೇಶದ ಊಟ ಯಾವಾಗ?’ ಎಂದು ಬರೆದು ಮುಂದಿನದಕ್ಕೆ ಹೋದೆ. ರಾತ್ರಿ ಮನೆಗೆ ಬಂದು ಪೂರ್ತಿ ಓದಿದೆ. ಅವರ ತಾಯಿ ತೀರಿಕೊಂಡಿದ್ದರು. ಆಕೆ ಒಂದು ಮಾತೂ ಅನ್ನಲಿಲ್ಲ, ಕ್ಷಮೆ ಕೇಳಿದ್ದಕ್ಕೂ ‘ಪರವಾಗಿಲ್ಲ’ ಅಂದರು ಅಷ್ಟೇ. ಆ ಪಣವನ್ನು ನಾನು ಅಲ್ಲಿಗೇ ಕೈಬಿಟ್ಟೆ.

ದಿನಕ್ಕೆ ಎರಡು ಬರಹ ಪೂರ್ತಿ ಓದಿ, ಒಂದಕ್ಕೆ ಉತ್ತರಿಸಿ. ಅಷ್ಟು ಸಾಕು. ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ನೆಟ್‌ವರ್ಕ್ ಸಿಗುವ ದಿಣ್ಣೆ ನಿಮಗೆ ಗೊತ್ತೇ ಇರುತ್ತದೆ, ಅಲ್ಲಿ ಕೂತು ಹತ್ತು ನಿಮಿಷ. ಉತ್ತರದಲ್ಲಿ ಬರಹದೊಳಗಿನ ಒಂದು ವಸ್ತು ಕಾಣಬೇಕು: ‘ನಿಮ್ಮ ಅಜ್ಜಿ ಒಲೆಬೂದಿಯಲ್ಲಿ ಹಲಸಿನ ಬೀಜ ಸುಡುತ್ತಿದ್ದರು ಅಂದಿರಿ, ನಮ್ಮಲ್ಲಿ ಉಪ್ಪುನೀರು ಚಿಮುಕಿಸಿ ಸುಡುತ್ತಾರೆ, ನಿಮ್ಮಲ್ಲಿ?’ ಇಂಥ ಒಂದು ಪ್ರಶ್ನೆಗೆ ಬರೆದವರು ಓಡಿ ಬಂದು ಉತ್ತರ ಕೊಡುತ್ತಾರೆ. ನೀವು ಓದಿದ್ದೀರಿ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಯಾರದ್ದನ್ನು ಓದುವುದು? ಮೇಲೆ ಕಂಡದ್ದನ್ನಲ್ಲ. ನಿಮಗೆ ನಿಜವಾಗಿ ಹಿಡಿಸುವ ಐದಾರು ಜನರ ಹೆಸರು ಅದೇ ಜೇಬುಪುಸ್ತಕದ ಕೊನೆಯ ಪುಟದಲ್ಲಿ ಬರೆದುಕೊಂಡು ಸರದಿಯ ಮೇಲೆ ಓದಿ. ಜೊತೆಗೆ, ಬಳಗಕ್ಕೆ ಹೊಸದಾಗಿ ಬಂದವರ ಮೊದಲ ಬರಹ ಕಂಡರೆ ಸರದಿ ಮುರಿದಾದರೂ ಅದಕ್ಕೆ ಒಂದು ಮಾತು ಹೇಳಿ. ಮೊದಲ ಬರಹಕ್ಕೆ ಯಾರೂ ಮಿಸುಕದಿದ್ದರೆ ಹೊಸಬರು ಎರಡನೆಯದನ್ನು ಹಾಕದೆ ಹೋಗುವುದನ್ನು ನಾನು ಲೆಕ್ಕವಿಲ್ಲದಷ್ಟು ಸಲ ನೋಡಿದ್ದೇನೆ. ಅಂದಹಾಗೆ, ಆನ್‌ಲೈನ್ ಗುಂಪುಗಳ ಬಗ್ಗೆ ವೆಬ್ ಬಳಕೆಯ ತಜ್ಞ ಯಾಕೋಬ್ ನೀಲ್ಸನ್ 2006ರಲ್ಲಿ ಬರೆದ ಒಂದು ಅಂದಾಜು ಹೆಸರಾಗಿದೆ: ನೂರರಲ್ಲಿ 90 ಜನ ಸುಮ್ಮನೆ ಓದುವವರು, 9 ಜನ ಆಗೀಗ ಬಾಯಿ ಬಿಡುವವರು, ಹೆಚ್ಚಿನದೆಲ್ಲ ಬರುವುದು ಉಳಿದ ಒಬ್ಬರಿಂದ. ಎಲ್ಲ ಗುಂಪಿಗೂ ಇದೇ ಅಳತೆ ಹಿಡಿಯುವುದು ಸರಿಯಲ್ಲ. ಆದರೂ ದಿನಕ್ಕೊಂದು ಸಲ ಅರ್ಥವಿರುವ ಮಾತಾಡುವ ನೀವು ಆ ತೊಂಬತ್ತರೊಳಗಂತೂ ಇರುವುದಿಲ್ಲ.

ನಿಮ್ಮ ಉತ್ತರ ಕೆಲವೊಮ್ಮೆ ಆರೇಳು ಸಾಲು ಉದ್ದ ಹೋಗುತ್ತದೆ. ಹಾಗೆ ಹೋದಾಗ ಅದನ್ನು ನಕಲು ಮಾಡಿ ಇಟ್ಟುಕೊಳ್ಳಿ. ಅದು ಮುಂದಿನ ವಾರದ ಅರ್ಧ ಬರಹ.

ಲೆಕ್ಕ ಹಾಕಿ ನೋಡಿ. ದಿನಕ್ಕೆ ಎರಡು ನಿಮಿಷದಂತೆ ಏಳು ದಿನ, ಹತ್ತು ನಿಮಿಷದಂತೆ ಆರು ದಿನ, ರಜೆಯ ದಿನ ಒಂದು ಗಂಟೆ. ಒಟ್ಟು ವಾರಕ್ಕೆ 2 ಗಂಟೆ 14 ನಿಮಿಷ. ಈಗ ನೀವು ತೂಕಡಿಸುತ್ತಾ ಸುರಿಯುತ್ತಿರುವುದು 4 ಗಂಟೆ 40 ನಿಮಿಷ. ಅರ್ಧಕ್ಕೂ ಕಡಿಮೆಯಾಯಿತು. ರಾತ್ರಿಯ ಆ ನಲವತ್ತು ನಿಮಿಷ ಮನೆಯವರಿಗೋ ನಿದ್ದೆಗೋ ಬಿಡಿ.

ಕೊಯ್ಲಿನ ವಿಷಯ ಬೇರೆಯದೇ. ಅರೇಬಿಕಾ ನವೆಂಬರಿನಲ್ಲಿ ಶುರುವಾಗಿ, ಅದರ ಬೆನ್ನಿಗೆ ರೊಬಸ್ಟಾ ಬಂದು, ಮಾರ್ಚಿನ ಹೊತ್ತಿಗೆ ಕಾಫಿ ಹೂ ಅರಳಿಸುವ ಹೂಮಳೆಗೆ ಆಕಾಶ ನೋಡುವವರೆಗೂ ನಿಮಗೆ ಉಸಿರಾಡಲು ಬಿಡುವಿಲ್ಲ. ಸಂಜೆ ತೂಕ, ಆಮೇಲೆ ಪಲ್ಪರ್, ಕಣದ ಮೇಲಿನ ಕಾಫಿಗೆ ಟಾರ್ಪಾಲು. ಮಳೆಗಾಲದಲ್ಲಿ ತಿರುಗು ಮುರುಗು. ಜಡಿಮಳೆಗೆ ಕೆಲಸ ನಿಂತ ದಿನ ಹೊತ್ತು ಬೇಕಾದಷ್ಟು, ಕರೆಂಟು ಮಾತ್ರ ಇಲ್ಲ. ಹಾಗಾಗಿ ಮಲೆನಾಡಿನವರು ಬೇಸಿಗೆಯಲ್ಲಿ ಸೌದೆ ಒಟ್ಟಿ ಹಪ್ಪಳ ಒಣಗಿಸಿ ಮಳೆಗಾಲಕ್ಕೆ ಇಡುತ್ತಾರಲ್ಲ, ನೀವು ಅದನ್ನು ಉಲ್ಟಾ ಮಾಡಿ. ಜೂನಿನಿಂದ ಆಗಸ್ಟಿನವರೆಗೆ ಬರಹ ಕೂಡಿಡಿ, ಕೊಯ್ಲಿನಲ್ಲಿ ಒಂದೊಂದಾಗಿ ತೆಗೆಯಿರಿ. ಬ್ಲಾಗರ್, ವರ್ಡ್‌ಪ್ರೆಸ್‌ಗಳಲ್ಲಿ ಮುಂದಿನ ತಾರೀಖು ಕೊಟ್ಟು ಇಟ್ಟರೆ ಆ ದಿನ ತಾನೇ ಪ್ರಕಟವಾಗುತ್ತದೆ. ನಿಮ್ಮ ಬಳಗದಲ್ಲಿ ಆ ಸೌಲಭ್ಯ ಇದೆಯೇ ನೋಡಿಕೊಳ್ಳಿ. ಈ ವರ್ಷ ಕೂಡಿಟ್ಟಿದ್ದು ಏನೂ ಇಲ್ಲ, ಸರಿ. ಈ ಸಲದ ಕೊಯ್ಲಿಗೆ ವಾರದ ಬರಹ ಬಿಟ್ಟುಬಿಡಿ, ಬೆಳಗಿನ ಒಂದು ಸಾಲು ಮಾತ್ರ ಉಳಿಸಿಕೊಳ್ಳಿ. ಬಳಗ ನಡೆಸುವವರಿಗೆ ಈಗಲೇ ಹೇಳಿ: ‘ಕೊಯ್ಲು ಮುಗಿಯುವವರೆಗೆ ದಿನಾ ಬರಹ ಆಗದು, ಓದುತ್ತಿರುತ್ತೇನೆ.’ ದಿನಕ್ಕೊಂದು ರೂಢಿ ಮಾಡಿದವರು ಬಹುಶಃ ಎಸಿ ಕೋಣೆಯಲ್ಲಿ ಕೂತವರಿರಬೇಕು. ಕೊಯ್ಲು ಅಂದರೇನೆಂದು ಅವರಿಗೂ ತಿಳಿಯಲಿ.

ಫೋನಿನಲ್ಲಿ ಕನ್ನಡ ಒತ್ತುವುದೇ ನಿಧಾನ ಅನ್ನಿಸಿದರೆ, ಗೂಗಲ್ ಕೀಬೋರ್ಡಿನ ಮೈಕ್ ಒತ್ತಿ ಮಾತಾಡಿ. 2017ರಿಂದ ಅದು ಕನ್ನಡ ಕೇಳಿಸಿಕೊಳ್ಳುತ್ತದೆ. ಪುಸ್ತಕದ ಕನ್ನಡ ಚೆನ್ನಾಗಿ ಹಿಡಿಯುತ್ತದೆ, ‘ಮರಗಸಿ’, ‘ಮುಯ್ಯಾಳು’ ಅಂದರೆ ತಲೆ ಕೆರೆದುಕೊಳ್ಳುತ್ತದೆ. ಆ ಪದಗಳನ್ನು ಬಿಟ್ಟುಕೊಡಬೇಡಿ, ಆಮೇಲೆ ಕೈಯಲ್ಲಿ ತಿದ್ದಿ. ಸಿಗ್ನಲ್ ಇಲ್ಲದ ಕಡೆ ಸುಮ್ಮನೆ ದನಿ ರೆಕಾರ್ಡ್ ಮಾಡಿಟ್ಟುಕೊಂಡರೂ ಆಯಿತು. ಮಾತಾಡಿ ಬರೆದ ಮೊದಲ ಕರಡು ಕೂತು ಬರೆದದ್ದಕ್ಕಿಂತ ಜೀವಂತವಾಗಿರುವುದೂ ಉಂಟು.

ಒಂದು ಎಚ್ಚರಿಕೆ ಮಾತ್ರ. ಲೈನ್ ಮನೆಯ ಜನರ ಸುಖದುಃಖ ನಿಮ್ಮ ಕಿವಿಗೆ ಬೀಳುವುದು ನೀವು ಅವರ ಹಾಜರಿ ಹಾಕುವವರೆಂದು. ದೂರದ ಊರಿಂದ ಬಂದವರು ತಮ್ಮ ಕಥೆ ಆನ್‌ಲೈನಿನಲ್ಲಿ ಓಡಾಡುತ್ತದೆಂದು ತಿಳಿದು ಹೇಳಿದ್ದಲ್ಲ. ಹೆಸರು, ಊರು, ಫೋಟೊ ಹಾಕಬೇಡಿ. ಸಾಧ್ಯವಾದರೆ ಬರೆದದ್ದನ್ನು ಅವರಿಗೇ ಓದಿ ಹೇಳಿ. ಸಾಹುಕಾರರ ಮೇಲಿನ ಸಿಟ್ಟನ್ನೂ ಅಲ್ಲಿ ತೀರಿಸಿಕೊಳ್ಳಬೇಡಿ, ಯಾರೋ ಒಬ್ಬರು ಸ್ಕ್ರೀನ್‌ಶಾಟ್ ತೆಗೆದು ಅವರಿಗೇ ಕಳಿಸುತ್ತಾರೆ.

ಹಾಸನದಲ್ಲಿ ಮೂರು ದಿನದಿಂದ ಬರೀ ಮೋಡ, ಸ್ವಾತಿ ಮಳೆ ನಿಮ್ಮ ಕಡೆ ಹೊಯ್ದಿತೇ ತಿಳಿಯದು. ಮುಂದಿನ ರಜೆಯ ದಿನ ನಿಮ್ಮ ಏಳು ಸಾಲು ನನಗೆ ಕಳಿಸಿ, ಇಂಚು ಸೆಂಟಿನ ಸಮೇತ. ಸೊನ್ನೆ ಇದ್ದ ದಿನವನ್ನೂ ಬಿಡಬೇಡಿ.